ಹಾಳೆಯ ಮೇಲೆ ಬೆಟ್ಟ ಹತ್ತುವ ಸೋಜಿಗ

ಪಾಯಿಂಟ್ 5140. ಪಾಯಿಂಟ್ 4875. ಪಾಯಿಂಟ್ 5062. 1999ರ ಜೂನ್–ಜುಲೈನಲ್ಲಿ, ಕಾರ್ಗಿಲ್ ಯುದ್ಧದ ದಿನಗಳಲ್ಲಿ, ಟಿ.ವಿ. ಮುಂದೆ ಕೂತಿದ್ದವರಿಗೆಲ್ಲ ಈ ಅಂಕಿಗಳು ಬಾಯಿಪಾಠ. ಇಂಥ ಪಾಯಿಂಟ್ ನಮ್ಮ ವಶವಾಯಿತು, ಇಂಥ ಪಾಯಿಂಟಿಗೆ ಕಾದಾಟ ನಡೆದಿದೆ ಎಂದು ದಿನಾ ಸುದ್ದಿ. ಜೂನ್ 20ಕ್ಕೆ 5140 ಕೈಗೆ ಬಂತು. ಜುಲೈ 4ಕ್ಕೆ ಟೈಗರ್ ಹಿಲ್, ಅದೇ 5062. ಜುಲೈ 7ರಂದು 4875ರಲ್ಲಿ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಪ್ರಾಣ ಕೊಟ್ಟರು. ಈಗ ಆ ಶಿಖರವನ್ನು ಬಾತ್ರಾ ಟಾಪ್ ಎನ್ನುತ್ತಾರೆ. ಆದರೆ ಈ ಅಂಕಿಗಳಾದರೂ ಏನು? ಗುಟ್ಟಿನ ಸಂಕೇತವೆ? ಸೇನೆ ಕೊಟ್ಟ ಕ್ರಮಸಂಖ್ಯೆಯೆ?

ಎರಡೂ ಅಲ್ಲ! ಅದು ಆ ಶಿಖರ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೇಲಿದೆ ಎಂಬ ಲೆಕ್ಕ, ಅಷ್ಟೆ. ಆ ಕಲ್ಲುಬಂಡೆಗಳಲ್ಲಿ ಹೆಚ್ಚಿನವಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಅಲ್ಲಿ ಊರಿಲ್ಲ, ಗುಡಿಯಿಲ್ಲ. ಸರ್ವೆಯವರು ನಕ್ಷೆಯಲ್ಲಿ ಒಂದು ಚುಕ್ಕಿ ಇಟ್ಟು ಪಕ್ಕದಲ್ಲಿ ಎತ್ತರ ಬರೆದಿದ್ದರು. ಯುದ್ಧ ಬಂದಾಗ ಸೈನಿಕರಿಗೆ ಸಿಕ್ಕಿದ್ದು ಆ ಎತ್ತರವೊಂದೇ, ಅದೇ ಹೆಸರಾಯಿತು. ಚುಕ್ಕಿಯ ಪಕ್ಕದಲ್ಲಿ ಯಾರೋ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿದ ನಾಲ್ಕು ಅಂಕಿ ಒಂದು ದೇಶದ ನೆನಪಿನಲ್ಲಿ ಕೂತುಬಿಟ್ಟಿತಲ್ಲ!

ಈ ಒಂದು ಸಂಗತಿ ತಿಳಿದ ಮೇಲೆ ಸೇನಾ ನಕ್ಷೆಯನ್ನು ಬಿಡಿಸಿ ನೋಡದೆ ಇರಲು ನನ್ನಿಂದಾಗಲಿಲ್ಲ. ನೋಡಿದಷ್ಟೂ ಬೆರಗು. ನಾವು ಶಾಲೆಯಲ್ಲಿ ನೋಡಿದ ನಕ್ಷೆ ರಾಜಧಾನಿ ಎಲ್ಲಿದೆ, ನದಿ ಯಾವ ಕಡೆ ಹರಿಯುತ್ತದೆ ಎಂದು ಹೇಳಿ ಸುಮ್ಮನಾಗುತ್ತದೆ. ಸೇನಾ ನಕ್ಷೆ ಹಾಗಲ್ಲ. ಅದು ಮೈಗೆ ಉತ್ತರ ಹೇಳುತ್ತದೆ. ಇಲ್ಲಿ ನಡೆದರೆ ಏದುಸಿರು ಬರುತ್ತದೆಯೆ? ಆ ಏಣಿನ ಮೇಲೆ ನಿಂತವನಿಗೆ ನಾನು ಕಾಣುತ್ತೇನೆಯೆ? ಈ ಹಳ್ಳದಲ್ಲಿ ನೀರಿದೆಯೆ, ಬರೀ ಮರಳೆ? ಈ ಸೇತುವೆ ಭಾರ ತಡೆಯುತ್ತದೆಯೆ? ಒಂದೊಂದು ಗೆರೆಯೂ ಇಂಥದೊಂದು ಪ್ರಶ್ನೆಗೆ ಕೊಟ್ಟ ಜವಾಬು.

ಮೊದಲು ಆ ಕಂದು ಗೆರೆಗಳು. ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಯ ಹಾಳೆ, ಬಿಡಿಸಿದ ಕೂಡಲೇ ಕಣ್ಣಿಗೆ ಬೀಳುವುದು ಇವೇ, ಬಹಳ ಜನ ಹೆದರಿ ಮಡಿಸಿಡುವುದೂ ಇವುಗಳಿಂದಲೇ. ಪಠ್ಯಪುಸ್ತಕದಲ್ಲಿ ಸಮೋನ್ನತಿ ರೇಖೆ ಎಂದು ಓದಿರುತ್ತೀರಿ. ಎನ್‌ಸಿಸಿಯಲ್ಲಿದ್ದವರು ಕಂಟೂರ್ ಎಂದೇ ಕಲಿತಿರುತ್ತಾರೆ. ಮಂಗಳೂರಿನ ಕಡಲು ಇದ್ದಕ್ಕಿದ್ದಂತೆ 20 ಮೀಟರ್ ಮೇಲೇರಿತು ಎಂದುಕೊಳ್ಳಿ. ನೀರು ನೆಲವನ್ನು ತಾಗುವ ಅಂಚಿಗುಂಟ ಒಂದು ಗೆರೆ ಎಳೆಯಿರಿ. ಇನ್ನೊಂದು 20 ಮೀಟರ್ ಏರಲಿ, ಇನ್ನೊಂದು ಗೆರೆ. ಹೀಗೇ ಏರುತ್ತಾ ಏರುತ್ತಾ ಕಡಲು ಘಟ್ಟ ಹತ್ತಿ ಮುಳ್ಳಯ್ಯನಗಿರಿಯ ನೆತ್ತಿಯವರೆಗೆ ಬಂದರೆ ಆ ಎಲ್ಲ ದಡಗಳನ್ನೂ ಮೇಲಿಂದ ನೋಡಿ ಒಂದೇ ಹಾಳೆಗೆ ಇಳಿಸಿದ ಹಾಗಾಯಿತು. ಅದೇ ಕಂಟೂರ್. ಒಂದು ಗೆರೆಯ ಮೇಲೆ ಎಲ್ಲೇ ನಿಂತರೂ ಒಂದೇ ಎತ್ತರ. ಗೆರೆ ಹಿಡಿದು ನಡೆದರೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಗೆರೆ ದಾಟಿದಿರೋ, ಮಂಡಿಗೆ ಕೆಲಸ ಬಿತ್ತು.

ಗೆರೆಗಳು ದೂರದೂರ ಇದ್ದರೆ ನೆಲ ಆರಾಮ. ಒತ್ತೊತ್ತಾಗಿದ್ದರೆ ಕಡಿದು. ಒಂದರ ಮೇಲೊಂದು ಬಿದ್ದು ಕಂದು ಪಟ್ಟಿಯೇ ಆಗಿಬಿಟ್ಟರೆ ಅದು ಪ್ರಪಾತ, ಅತ್ತ ಹೋಗಬೇಡಿ. ನಮ್ಮ 1:50,000 ಅಳತೆಯ ಟೋಪೋಶೀಟಿನಲ್ಲಿ ಸಾಮಾನ್ಯವಾಗಿ ಗೆರೆಯಿಂದ ಗೆರೆಗೆ 20 ಮೀಟರ್ ಅಂತರ. ಐದನೆಯ ಗೆರೆ ಪ್ರತಿ ಸಲವೂ ದಪ್ಪ. ಎಣಿಸುವವನ ಕಣ್ಣು ತಪ್ಪದಿರಲಿ ಎಂದು. 1,478 ಮೀಟರ್ ಎತ್ತರದ ನಂದಿಬೆಟ್ಟ ಸುತ್ತಲ ಬಯಲಿನಿಂದ ಹೆಚ್ಚುಕಡಿಮೆ 500 ಮೀಟರ್ ಎದ್ದು ನಿಂತಿದೆ. ಅಂದರೆ ಹಾಳೆಯ ಮೇಲೆ ಸುಮಾರು ಇಪ್ಪತ್ತೈದು ಗೆರೆ, ಅದರಲ್ಲಿ ಐದು ದಪ್ಪ. ಮೆಟ್ಟಿಲ ಕಡೆ ಆ ಗೆರೆಗಳ ನಡುವೆ ಉಸಿರಾಡಲು ಜಾಗವಿರುತ್ತದೆ. ಟಿಪ್ಪು ಡ್ರಾಪ್ ಕಡೆ ತಿರುಗಿ, ಎಲ್ಲ ಗೆರೆಗಳೂ ಮೈಗೆ ಮೈ ಅಂಟಿಸಿಕೊಂಡಿವೆ!

ಬೆಟ್ಟದ ಆಕಾರವನ್ನು ಹೊಸ ಸೈನಿಕನ ತಲೆಗೆ ತುಂಬಲು ತರಬೇತಿಯಲ್ಲಿ ಒಂದು ಉಪಾಯವಿದೆ. ಅದು ನನಗೆ ಎಲ್ಲಕ್ಕಿಂತ ಇಷ್ಟ. ಎಡಗೈ ಮುಷ್ಟಿ ಬಿಗಿ ಹಿಡಿದು ಮುಂದೆ ಚಾಚಿ. ಗೆಣ್ಣುಗಳ ಸಾಲು ಇದೆಯಲ್ಲ, ಅದು ಶಿಖರಗಳ ಸಾಲು. ಒಂದೊಂದು ಗೆಣ್ಣೂ ಒಂದು ಬೆಟ್ಟದ ತುದಿ. ಎರಡು ಗೆಣ್ಣುಗಳ ನಡುವಿನ ತಗ್ಗು ಸ್ಯಾಡಲ್, ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವವರು ಹುಡುಕುವ ಜಾಗ. ಗೆಣ್ಣಿನಿಂದ ಕೆಳಗಿಳಿಯುವ ಬೆರಳು ಬೆಟ್ಟದ ಏಣು. ಬೆರಳು ಬೆರಳಿನ ಸಂದು ಕೊರಕಲು, ಮಳೆಗಾಲದಲ್ಲಿ ನೀರು ಓಡುವ ದಾರಿ. ಈಗ ಆ ಮುಷ್ಟಿಯ ಮೇಲೆ ಪೆನ್ನಿನಿಂದ ಒಂದೇ ಎತ್ತರದಲ್ಲಿ ಗೆರೆ ಸುತ್ತಿಸಿ ನೋಡಿ. ಬೆರಳ ಮೇಲೆ ಬಂದಾಗ ಗೆರೆ ಹೊರಕ್ಕೆ, ಇಳಿಜಾರಿನ ಕಡೆಗೆ ಉಬ್ಬುತ್ತದೆ. ಸಂದಿಗೆ ಬಂದಾಗ ಒಳಕ್ಕೆ, ಬೆಟ್ಟದ ಕಡೆಗೆ ಮೊನೆಯಾಗಿ ಚುಚ್ಚುತ್ತದೆ. ನಕ್ಷೆಯಲ್ಲೂ ಅದೇ. ಮೊನೆ ಎತ್ತರದತ್ತ ತೋರಿಸಿದರೆ ಕೊರಕಲು, ತಗ್ಗಿನತ್ತ ತೋರಿಸಿದರೆ ಏಣು. ನದಿ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಬಾಣದ ಗುರುತೇ ಬೇಕಿಲ್ಲ; ಅದನ್ನು ದಾಟುವ ಕಂಟೂರಿನ ಮೊನೆಯೇ ನದಿ ಹುಟ್ಟಿದ ಕಡೆಗೆ ಬೆರಳು ಮಾಡುತ್ತಿರುತ್ತದೆ.

ಇಷ್ಟು ಬಂದರೆ ಇನ್ನೊಂದು ವಿದ್ಯೆ ತಾನಾಗಿಯೇ ಬರುತ್ತದೆ, ಮತ್ತು ಅದು ಮೈ ನಡುಗಿಸುವಂಥದು: ಯಾರಿಗೆ ಯಾರು ಕಾಣುತ್ತಾರೆ ಎಂಬ ಲೆಕ್ಕ. ಇಳಿಜಾರಿನಲ್ಲಿ ಎರಡು ಜಾತಿ. ಗೆರೆಗಳು ತುದಿಯಲ್ಲಿ ಒತ್ತಾಗಿ ಬುಡದಲ್ಲಿ ಬಿಡಿಬಿಡಿಯಾದರೆ ಬೆಟ್ಟದ ಹೊಟ್ಟೆ ಒಳಕ್ಕೆ ಹೋಗಿದೆ ಎಂದರ್ಥ. ಮೇಲೆ ಕೂತವನಿಗೆ ಬುಡದ ಇಲಿಯೂ ಕಾಣುತ್ತದೆ. ತುದಿಯಲ್ಲಿ ಬಿಡಿಯಾಗಿ ಬುಡದಲ್ಲಿ ಒತ್ತಾಗಿದ್ದರೆ ಹೊಟ್ಟೆ ಹೊರಕ್ಕೆ ಉಬ್ಬಿದೆ. ಮೇಲಿರುವವನಿಗೆ ಬುಡ ಕಾಣುವುದೇ ಇಲ್ಲ. ಆ ಕಾಣದ ನೆಲಕ್ಕೆ ಸೈನಿಕರು ಡೆಡ್ ಗ್ರೌಂಡ್ ಎನ್ನುತ್ತಾರೆ. ಹೆಸರು ಭಯಂಕರ, ಆದರೆ ಹತ್ತಬೇಕಾದವನಿಗೆ ಜೀವ ಉಳಿಸುವ ನೆಲ ಅದೇ. ಅಷ್ಟು ದೊಡ್ಡ ಭೇದ, ಹಾಳೆಯ ಮೇಲೆ ಗೆರೆಗಳ ನಡುವಿನ ಒಂದೆರಡು ಮಿಲಿಮೀಟರಿನಲ್ಲಿ!

ಈ ಭೇದ ಮರೆತದ್ದಕ್ಕೆ ಚರಿತ್ರೆ ಕೊಟ್ಟ ದೊಡ್ಡ ಸಾಕ್ಷಿ ಕ್ರೈಮಿಯಾದಲ್ಲಿದೆ. 1854ರ ಅಕ್ಟೋಬರ್ 25, ಬಾಲಕ್ಲಾವಾ. ಬ್ರಿಟಿಷ್ ಸೇನಾಪತಿ ಲಾರ್ಡ್ ರ‍್ಯಾಗ್ಲನ್ ಎತ್ತರದ ದಿಬ್ಬದ ಮೇಲೆ. ಅವನಿಗೆ ಇಡೀ ಕಣಿವೆ ಅಂಗೈಯಲ್ಲಿದೆ. ಪಕ್ಕದ ಗುಡ್ಡಸಾಲಿನಿಂದ ರಷ್ಯನ್ನರು ತೋಪುಗಳನ್ನು ಸಾಗಿಸುತ್ತಿದ್ದಾರೆ ಎಂದು ತಡೆಯಲು ಆಜ್ಞೆ ಬರೆಸಿದ. ಅಶ್ವದಳದ ಲಾರ್ಡ್ ಲ್ಯೂಕನ್ ಕೆಳಗೆ ಕಣಿವೆಯಲ್ಲಿ. ಗುಡ್ಡ ಅಡ್ಡ ಬಂದು ಅವನಿಗೆ ಆ ತೋಪುಗಳು ಕಾಣುವುದೇ ಇಲ್ಲ. ಯಾವ ತೋಪು ಎಂದು ಕೇಳಿದರೆ, ಆಜ್ಞೆ ತಂದವನು ಕಣಿವೆಯ ಕೊನೆಯತ್ತ ಕೈ ಬೀಸಿದ. ಅಲ್ಲಿತ್ತು ರಷ್ಯನ್ನರ ಮುಖ್ಯ ತೋಪುಪಡೆ. ಸುಮಾರು 670 ಸವಾರರು ನೇರ ಅದರ ಬಾಯಿಗೇ ಓಡಿದರು. ಮೇಲಿನವನ ಕಣ್ಣು ಬೇರೆ, ಕೆಳಗಿನವನ ಕಣ್ಣು ಬೇರೆ.

ಇನ್ನು ಚೌಕಗಳ ಮಾತು. ಸೇನಾ ನಕ್ಷೆಯ ಮೈಮೇಲೆಲ್ಲ ಅಡ್ಡ ಉದ್ದ ಗೆರೆಗಳ ಬಲೆ. 1:50,000 ಅಂದರೆ ನೆಲದ ಒಂದು ಕಿಲೋಮೀಟರು ಹಾಳೆಯಲ್ಲಿ 2 ಸೆಂಟಿಮೀಟರ್. ಬಲೆಯ ಒಂದೊಂದು ಕಣ್ಣೂ ಒಂದು ಚದರ ಕಿಲೋಮೀಟರ್. ಜಾಗ ಹೇಳುವ ನಿಯಮ ಒಂದೇ: ಮೊದಲು ಬಲಕ್ಕೆ ಸರಿ, ಆಮೇಲೆ ಮೇಲಕ್ಕೆ ಹತ್ತು. ಬಲಕ್ಕೆ ಸರಿಯುವ ಅಂಕಿ ಈಸ್ಟಿಂಗ್, ಮೇಲಕ್ಕೆ ಹತ್ತುವುದು ನಾರ್ದಿಂಗ್. 34 ಬಲಕ್ಕೆ, 78 ಮೇಲಕ್ಕೆ ಎಂದರೆ 3478. ಆ ಚೌಕದ ಕೆಳಗಿನ ಎಡಮೂಲೆಯ ವಿಳಾಸ. ಇಷ್ಟರಲ್ಲೇ ಒಂದು ಚದರ ಕಿಲೋಮೀಟರ್ ನಿಮ್ಮ ಕೈಗೆ ಬಂತು. ಚೌಕದ ಪ್ರತಿ ಬದಿಯನ್ನೂ ಕಣ್ಣಲ್ಲೇ ಹತ್ತು ಪಾಲು ಮಾಡಿ ಇನ್ನೊಂದೊಂದು ಅಂಕಿ ಸೇರಿಸಿದರೆ ಆರಂಕಿ. ಈಗ ಜಾಗ ನೂರು ಮೀಟರಿಗೆ ಇಳಿಯಿತು. ಎಂಟಂಕಿಯಾದರೆ ಹತ್ತು ಮೀಟರ್. ಹಾಳೆಯ ಮೇಲೆ ಆ ಹತ್ತು ಮೀಟರ್ ಅಂದರೆ ಮಿಲಿಮೀಟರಿನ ಐದರಲ್ಲೊಂದು ಭಾಗ. ಮೊಂಡಾದ ಪೆನ್ಸಿಲ್ ಇಟ್ಟರೆ ಇಡೀ ಗುರಿಯೇ ಮುಚ್ಚಿಹೋಗುತ್ತದೆ. ಅಂಕಿಗಳನ್ನು ಹಿಂದುಮುಂದು ಮಾಡಿ 7834 ಎಂದು ರೇಡಿಯೋದಲ್ಲಿ ಕೂಗಿದರೆ? ತೋಪಿನವನು ವಿಧೇಯನಾಗಿ ಎಲ್ಲೋ ಇನ್ನೊಂದು ಕಡೆ, ಬಹುಶಃ ತನ್ನವರದೇ ತಲೆಯ ಮೇಲೆ, ಗುಂಡು ಇಳಿಸುತ್ತಾನೆ. ಈ ಒಂದು ಕ್ರಮಕ್ಕೆ ತರಬೇತಿ ಕೊಡುವ ಉಸ್ತಾದರು ಯಾಕೆ ಗಂಟಲು ಹರಿಯುವಂತೆ ಕೂಗುತ್ತಾರೆ ಎಂದು ಈಗ ಗೊತ್ತಾಯಿತಲ್ಲ.

ಇಂಥದೇ ಒಂದು ಚೌಕದ ವಿಳಾಸ ನಲವತ್ತು ವರ್ಷಗಳಿಂದ ಎರಡು ದೇಶಗಳ ಸೈನ್ಯವನ್ನು ಹಿಮದಲ್ಲಿ ನಿಲ್ಲಿಸಿದೆ ಎಂದರೆ ನಂಬುತ್ತೀರಾ? ಎನ್‌ಜೆ 9842. ಎರಡು ಅಕ್ಷರ ದೊಡ್ಡ ಚೌಕಕ್ಕೆ, ನಾಲ್ಕು ಅಂಕಿ ಅದರೊಳಗಿನ ಸಣ್ಣ ಚೌಕಕ್ಕೆ. 1949ರ ಜುಲೈ 27ರಂದು ಕರಾಚಿಯಲ್ಲಿ ಭಾರತ–ಪಾಕಿಸ್ತಾನ ಕದನವಿರಾಮದ ಗೆರೆಯನ್ನು ಊರೂರು, ಗುಡ್ಡಗುಡ್ಡ ಹೆಸರಿಸುತ್ತ ಬರೆದವು. ಭಾರತದ ಪರ ಸಹಿ ಹಾಕಿದವರು ಲೆಫ್ಟಿನೆಂಟ್ ಜನರಲ್ ಎಸ್.ಎಂ. ಶ್ರೀನಾಗೇಶ್, ಮುಂದೆ 1960ರ ದಶಕದಲ್ಲಿ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾದವರು. ಬರೆಯುತ್ತ ಬರೆಯುತ್ತ ಗೆರೆ ಆ ಬಿಂದುವಿನವರೆಗೆ ಬಂತು. ಅದರಾಚೆ ಬರೀ ಹಿಮನದಿ. ಅಲ್ಲಿಂದ ಉತ್ತರಕ್ಕೆ ಹಿಮನದಿಗಳ ಕಡೆಗೆ ಎಂದು ಬರೆದು ಮುಗಿಸಿದರು. ಅಷ್ಟೇ! ಆ ಮಂಜಿನಲ್ಲಿ ಯಾರು ಬಡಿದಾಡುತ್ತಾರೆ ಎಂಬ ಧೈರ್ಯ. ಉತ್ತರಕ್ಕೆ ಎಂದರೆ ನೆಟ್ಟಗೆ ಉತ್ತರಕ್ಕೆ, ಅಲ್ಲಿಂದ ಏಣು ಹಿಡಿದು, ಎಂದು ಭಾರತ. ಅಲ್ಲ, ಪೂರ್ವಕ್ಕೆ ಓರೆಯಾಗಿ ಕಾರಾಕೋರಂ ಕಣಿವೆಗೆ ಎಂದು ಪಾಕಿಸ್ತಾನ. ಆ ಎರಡು ಓದುಗಳ ನಡುವೆ ಸಿಕ್ಕಿಬಿದ್ದದ್ದು ಇಡೀ ಸಿಯಾಚಿನ್. 1984ರ ಏಪ್ರಿಲ್ 13ಕ್ಕೆ ಆಪರೇಷನ್ ಮೇಘದೂತ್ ಶುರುವಾಯಿತು. ಅಂದಿನಿಂದ ಪಡೆಗಳು ಅಲ್ಲೇ ಇವೆ. ನಕ್ಷೆ ತಪ್ಪಿರಲಿಲ್ಲ. ಮುಂದಿನ ಚೌಕದ ಅಂಕಿಯನ್ನು ಬರೆಯುವುದು ಬಿಟ್ಟುಹೋಗಿತ್ತು.

ಉತ್ತರದ ಮಾತು ಬಂತಲ್ಲ, ಅದರ ಕಥೆಯೇ ಬೇರೆ. ಸೇನಾ ನಕ್ಷೆಯ ಅಂಚು ನೋಡಿ: ಒಂದೇ ಬುಡದಿಂದ ಮೂರು ಬಾಣಗಳು ಹೊರಟಿವೆ. ಮೂರಕ್ಕೂ ಹೆಸರು ಉತ್ತರ! ಒಂದು ಭೂಮಿಯ ಧ್ರುವದ ನಿಜ ಉತ್ತರ. ಇನ್ನೊಂದು ಬಲೆಯ ಗೆರೆಗಳ ಉತ್ತರ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಒತ್ತಿದಾಗ ಈ ಗೆರೆಗಳು ನಿಜ ಉತ್ತರಕ್ಕಿಂತ ಚೂರು ಓರೆಯಾಗುತ್ತವೆ. ಮೂರನೆಯದು ದಿಕ್ಸೂಚಿಯ ಸೂಜಿ ತೋರಿಸುವ ಕಾಂತೀಯ ಉತ್ತರ. ಅದಂತೂ ಒಂದು ಕಡೆ ನಿಲ್ಲುವುದೇ ಇಲ್ಲ. 1831ರ ಜೂನ್ 1ರಂದು ಜೇಮ್ಸ್ ಕ್ಲಾರ್ಕ್ ರಾಸ್ ಕೆನಡಾದ ಮಂಜಿನಲ್ಲಿ ಕಾಂತೀಯ ಉತ್ತರ ಧ್ರುವವನ್ನು ಹಿಡಿದುಕೊಂಡ. ಈಗ ಅದು ಅಲ್ಲಿಲ್ಲ, ಸೈಬೀರಿಯಾದ ಕಡೆಗೆ ನಡೆದುಹೋಗಿದೆ! ಅದರ ಜಾಡು ಹಿಡಿಯಲು ಐದು ವರ್ಷಕ್ಕೊಮ್ಮೆ ಲೆಕ್ಕ ಹೊಸದು ಮಾಡುತ್ತಾರೆ. 2019ರಲ್ಲಿ ಅದರ ಓಟ ಎಷ್ಟಾಯಿತೆಂದರೆ ಅವಧಿ ಮುಗಿಯುವ ಮುಂಚೆಯೇ ಲೆಕ್ಕ ತಿದ್ದಬೇಕಾಯಿತು. ಅದಕ್ಕೇ ನಕ್ಷೆಯ ಅಂಚಿನಲ್ಲಿ ಈ ಕೋನ ಯಾವ ವರ್ಷದ್ದು, ವರ್ಷಕ್ಕೆ ಎಷ್ಟು ಸರಿಯುತ್ತದೆ ಎಂದು ಅಚ್ಚು ಹಾಕಿರುವುದು. ನಮ್ಮ ಸೀಮೆಯಲ್ಲಿ ಈ ವ್ಯತ್ಯಾಸ ತೀರಾ ಸಣ್ಣದು, ಪುಣ್ಯವಂತರು ನಾವು. ಒಂದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಹದಿನೇಳು ಮೀಟರ್ ಅಡ್ಡಕ್ಕೆ ಹೋಗುತ್ತೀರಿ. ಹದಿನೈದು ಡಿಗ್ರಿ ಓರೆಯಿರುವ ದೇಶದಲ್ಲಿ ಮರೆತು ನಡೆದರೆ? ಕಿಲೋಮೀಟರಿಗೆ 260 ಮೀಟರ್. ರಾತ್ರಿ ನಡೆದವನು ಬೆಳಗ್ಗೆ ಬೇರೆಯೇ ಬೆಟ್ಟದ ಮೇಲಿರುತ್ತಾನೆ.

ರಾತ್ರಿ ಎಂದ ಕೂಡಲೇ ಶ್ರೀರಂಗಪಟ್ಟಣಕ್ಕೆ ಹೋಗಲೇಬೇಕು. 1799ರ ಏಪ್ರಿಲ್ ಮೊದಲ ವಾರ. ಟಿಪ್ಪುವಿನ ಕೋಟೆಯ ಮುಂದೆ ಬ್ರಿಟಿಷ್ ಸೇನೆ ಬೀಡುಬಿಟ್ಟಿದೆ. ನಡುವೆ ಸುಲ್ತಾನಪೇಟೆಯ ತೋಪು: ಮರಗಳು, ನೀರಿನ ಕಾಲುವೆಗಳು. ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ಪಡೆಯೊಂದಿಗೆ ಅದನ್ನು ಜಾಲಾಡಿ ಬಂದ, ಯಾರೂ ಸಿಗಲಿಲ್ಲ. ವಾಪಸು ಹೊರಟರು. ಜೊತೆಗಿದ್ದ ಒಬ್ಬ ಅಧಿಕಾರಿ ತಲೆಯೆತ್ತಿ ನಕ್ಷತ್ರ ನೋಡಿದ, ಎದೆ ಧಸಕ್ಕೆಂದಿತು. ಬೀಡು ಉತ್ತರಕ್ಕಿದೆ; ಪಡೆ ದಕ್ಷಿಣಕ್ಕೆ ನಡೆಯುತ್ತಿದೆ, ನೇರ ಟಿಪ್ಪುವಿನ ಸೈನ್ಯದ ಮಡಿಲಿಗೆ! ಹೋಗಿ ಬೇರ್ಡನಿಗೆ ಹೇಳಿದ. ನಕ್ಷತ್ರ ಕೇಳಿ ದಾರಿ ಹಿಡಿಯುವ ಗತಿ ನನಗೆ ಬಂದಿಲ್ಲ ಎಂಬ ಧಾಟಿಯ ಉತ್ತರ ಸಿಕ್ಕಿತು. ಆಮೇಲೆ ದೀಪ ತರಿಸಿ ದಿಕ್ಸೂಚಿ ನೋಡಿದರೆ, ನಕ್ಷತ್ರವೇ ಸರಿ. ಪಡೆ ತಿರುಗಿತು. ಮರುದಿನ ರಾತ್ರಿ ಅದೇ ತೋಪಿಗೆ ಹೋದವನು ಆರ್ಥರ್ ವೆಲ್ಲೆಸ್ಲಿ. ಕತ್ತಲಲ್ಲಿ ಪಡೆ ಚದುರಿತು, ಅವನ ಮಂಡಿಗೆ ಗುಂಡು ತರಚಿತು, ದಾರಿ ತಪ್ಪಿ ಹೇಗೋ ಬೀಡು ಸೇರಿದ. ಹಗಲಿನಲ್ಲಿ ನೋಡಿಕೊಳ್ಳದ ನೆಲದ ಮೇಲೆ ರಾತ್ರಿ ದಾಳಿ ಮಾಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದನಂತೆ. ಮುಂದೆ ನೆಪೋಲಿಯನ್ನನನ್ನು ವಾಟರ್ಲೂದಲ್ಲಿ ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ!

ಮತ್ತು ನಕ್ಷತ್ರ ನೋಡಿದ ಆ ಅಧಿಕಾರಿ? ವಿಲಿಯಂ ಲ್ಯಾಂಬ್ಟನ್. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, 1800ರಲ್ಲಿ, ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲದ ಮೇಲೆ ಆಧಾರರೇಖೆ ಅಳೆದವನು; 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನಿಂದ ಭಾರತದ ಮಹಾ ತ್ರಿಕೋನಮಿತಿ ಸರ್ವೆಯನ್ನು ಶುರು ಮಾಡಿದವನು. ಅವನ ಉಪಕರಣಗಳ ಪುರಾಣ ಕೇಳಿ. ಅಳತೆಯ ಉಕ್ಕಿನ ಸರಪಳಿಯನ್ನು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಿದ್ದರು, ಚಕ್ರವರ್ತಿ ಬೇಡವೆಂದ, ಅದು ತಿರುಗಾಡಿ ಭಾರತಕ್ಕೆ ಬಂತು. ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೋಡೊಲೈಟ್ ಲಂಡನ್ನಿನಿಂದ ಬರುವಾಗ ಫ್ರೆಂಚರು ಹಡಗನ್ನೇ ಹಿಡಿದರು. ವಿಜ್ಞಾನದ ಸಾಮಾನು ಎಂದು ತಿಳಿದ ಮೇಲೆ ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ಬೃಹದೀಶ್ವರ ಗುಡಿಯ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಜಾರಿ ಜಜ್ಜಿಹೋಯಿತು, ಲ್ಯಾಂಬ್ಟನ್ ತಾನೇ ಕೂತು ಸರಿ ಮಾಡಿದ. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಕಟ್ಟುತ್ತ ಮದ್ರಾಸಿನಿಂದ ಮಂಗಳೂರಿನ ಕಡಲವರೆಗೆ ಹೋದವನಿಗೆ ತಿಳಿದದ್ದು: ಹಳೆಯ ನಕ್ಷೆಗಳಲ್ಲಿ 400 ಮೈಲಿ ಎಂದಿದ್ದ ಈ ಅಗಲ ನಿಜಕ್ಕೂ 360 ಮೈಲಿ. ನಲವತ್ತು ಮೈಲಿ ಭಾರತವೇ ಇರಲಿಲ್ಲ, ಬರೀ ಶಾಯಿ! ಇವತ್ತಿಗೂ ನಮ್ಮ ಟೋಪೋಶೀಟಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಸಣ್ಣ ತ್ರಿಕೋನ, ಪಕ್ಕದಲ್ಲಿ ಎತ್ತರ ಕಂಡರೆ ಅದು ಆ ಬಗೆಯ ಅಳತೆಯ ಗುರುತು.

ತ್ರಿಕೋನದ ಅದೇ ಬುದ್ಧಿ ಒಬ್ಬ ಸೈನಿಕನ ಜೇಬಿಗೂ ಇಳಿದಿದೆ. ಕಾಡಿನ ನಡುವೆ ನಿಂತಿದ್ದೀರಿ, ಎಲ್ಲಿದ್ದೀರೋ ಗೊತ್ತಿಲ್ಲ. ದೂರದಲ್ಲಿ ಗುರುತಿರುವ ಎರಡು ಬೆಟ್ಟ. ದಿಕ್ಸೂಚಿಯಿಂದ ಮೊದಲನೆಯದರ ಕೋನ ಹಿಡಿಯಿರಿ, ಅದಕ್ಕೆ 180 ಕೂಡಿಸಿ, ಇಲ್ಲ ಕಳೆಯಿರಿ. ಈಗ ಅದು ಬೆಟ್ಟದಿಂದ ನಿಮ್ಮ ಕಡೆಗೆ ಬರುವ ಕೋನ. ಉತ್ತರಗಳ ವ್ಯತ್ಯಾಸ ತಿದ್ದಿ ನಕ್ಷೆಯ ಮೇಲೆ ಆ ಬೆಟ್ಟದಿಂದ ಗೆರೆ ಎಳೆಯಿರಿ. ಎರಡನೆಯದರಿಂದಲೂ ಎಳೆಯಿರಿ. ಗೆರೆಗಳು ಕತ್ತರಿಸುವಲ್ಲಿ ನೀವು! ಸ್ಯಾಟಲೈಟ್ ಬೇಡ, ಬ್ಯಾಟರಿ ಬೇಡ, ಸಿಗ್ನಲ್ ಬೇಡ. ಇದಕ್ಕೆ ರಿಸೆಕ್ಷನ್ ಎನ್ನುತ್ತಾರೆ. ತಿರುಗಿಸಿದರೆ ಇಂಟರ್‌ಸೆಕ್ಷನ್: ಗೊತ್ತಿರುವ ಎರಡು ಜಾಗದಲ್ಲಿ ನಿಂತು ಗೊತ್ತಿಲ್ಲದ ಒಂದನ್ನು ಹಿಡಿಯುವುದು.

ಆದರೆ ಇದೇ ವಿದ್ಯೆ ಒಂದು ಸಲ ಘೋರವಾಗಿ ಕೈಕೊಟ್ಟಿತು. 1999ರ ಮೇ 7, ಬೆಲ್‌ಗ್ರೇಡ್. ಯುಗೊಸ್ಲಾವಿಯಾದ ಒಂದು ಸೇನಾ ಸಾಮಗ್ರಿ ಕಚೇರಿಗೆ ಬಾಂಬು ಹಾಕಬೇಕೆಂದು ಅಮೆರಿಕ ಹೊರಟಿತು. ಬಿದ್ದದ್ದು ಚೀನಾದ ರಾಯಭಾರ ಕಚೇರಿಯ ಮೇಲೆ. ಮೂವರು ಪತ್ರಕರ್ತರು ಸತ್ತರು. ಆ ಜುಲೈನಲ್ಲಿ ಸಿಐಎ ನಿರ್ದೇಶಕ ಜಾರ್ಜ್ ಟೆನೆಟ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೊಟ್ಟ ವಿವರಣೆ ಕೇಳಿ ನಾನು ದಂಗಾಗಿದ್ದೇನೆ. ಗುರಿಯ ಬೀದಿ ವಿಳಾಸವಿತ್ತು, ನೆಲದ ಅಂಕಿ ಇರಲಿಲ್ಲ. ಹುಡುಕಿದವನು ಬಳಸಿದ್ದು ಇಂಟರ್‌ಸೆಕ್ಷನ್, ರಿಸೆಕ್ಷನ್! ಅಕ್ಕಪಕ್ಕದ ಬೀದಿಗಳ ಮನೆ ನಂಬರು ಹಿಡಿದು ಇದು ಇಷ್ಟರಲ್ಲಿ ಇರಬೇಕು ಎಂದು ಅಂದಾಜು ಕಟ್ಟಿದ್ದು. ಕಾಡಿನಲ್ಲಿ ನಡೆಯುವವನಿಗೆ ಸಾಕಾಗುವ ವಿಧಾನ ಬಾಂಬಿನ ಗುರಿಗೆ ಸಾಲುವುದೇ? ನಿಜವಾದ ಕಟ್ಟಡ ಸುಮಾರು 300 ಮೀಟರ್ ಆಚೆಗಿತ್ತು. ರಾಯಭಾರ ಕಚೇರಿ 1996ರಲ್ಲೇ ಆ ಜಾಗಕ್ಕೆ ಬಂದಿದ್ದರೂ ಅವರ ನಕ್ಷೆಗಳು ಅದನ್ನು ಗುರುತಿಸಿರಲಿಲ್ಲ. ಜಗತ್ತಿನ ದುಬಾರಿ ವಿಮಾನ, ನಿಖರ ಬಾಂಬು, ಎಲ್ಲವೂ ಹೇಳಿದ ಅಂಕಿಗೇ ಹೋಗಿ ಬಿದ್ದವು.

ಸಣ್ಣಪುಟ್ಟ ವಿಸ್ಮಯಗಳಿಗಂತೂ ಲೆಕ್ಕವಿಲ್ಲ. ಕೆಂಪು ಬೆಳಕಿನಲ್ಲಿ ಕೆಂಪು ಶಾಯಿ ಮಾಯವಾಗುತ್ತದೆ. ಕತ್ತಲಿಗೆ ಒಗ್ಗಿದ ಕಣ್ಣು ಕೆಡದಿರಲಿ ಎಂದು ಟ್ಯಾಂಕಿನೊಳಗೆ ಕೆಂಪು ದೀಪ ಹಚ್ಚುತ್ತಾರೆ, ಆಗ ನಕ್ಷೆಯ ರಸ್ತೆಗಳೇ ಕಾಣದಿದ್ದರೆ ಗತಿಯೇನು? ಅದಕ್ಕೆ ಅಮೆರಿಕದ ಸೇನಾ ನಕ್ಷೆಗಳಲ್ಲಿ ಕೆಂಪಿನ ಬದಲು ಕೆಂಗಂದು ಬಣ್ಣ ತಂದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಎಂಐ9 ವಿಭಾಗ ವೈಮಾನಿಕರಿಗೆ ರೇಷ್ಮೆಯ ಮೇಲೆ ನಕ್ಷೆ ಅಚ್ಚು ಹಾಕಿ ಕೊಟ್ಟಿತು: ಸದ್ದು ಮಾಡದು, ನೆನೆದರೆ ಹರಿಯದು, ಬಟ್ಟೆಯ ಮಡಿಕೆಯೊಳಗೆ ಸೇರಿಬಿಡುತ್ತದೆ. ಸೋವಿಯತ್ ಸೇನಾ ನಕ್ಷೆಗಳದು ಇನ್ನೊಂದು ಹುಚ್ಚು. ಕಾಡಿನ ಮೇಲೆ ಮರಗಳ ಸರಾಸರಿ ಎತ್ತರ, ಕಾಂಡದ ದಪ್ಪ, ಮರದಿಂದ ಮರಕ್ಕೆ ಅಂತರ. ಸೇತುವೆಗೆ ಉದ್ದ, ಅಗಲ, ತಡೆಯುವ ಭಾರ. ನದಿಗೆ ಹರಿವಿನ ವೇಗ! ಟ್ಯಾಂಕು ಈ ಮರಗಳ ನಡುವೆ ನುಗ್ಗೀತೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧ. ತನ್ನ ಜನರಿಗೆ ಮಾರುತ್ತಿದ್ದ ನಕ್ಷೆಗಳಲ್ಲಿ ಮಾತ್ರ ಅದೇ ಸರಕಾರ ರಸ್ತೆ, ನದಿ, ಊರುಗಳನ್ನು ಬೇಕೆಂದೇ ಸರಿಸಿಟ್ಟಿತ್ತು. 1988ರಲ್ಲಿ ತಾನೇ ಒಪ್ಪಿಕೊಂಡಿತು.

ನಮ್ಮಲ್ಲಿ ಸರ್ವೆ ಆಫ್ ಇಂಡಿಯಾ 2005ರ ನಕ್ಷಾ ನೀತಿಯ ಪ್ರಕಾರ ಎರಡು ಸಾಲು ತೆಗೆಯಿತು: ಸೇನೆಗೆ ಡಿಫೆನ್ಸ್ ಸೀರೀಸ್, ಜನರಿಗೆ ಓಪನ್ ಸೀರೀಸ್. ಜನರ ಹಾಳೆಯಲ್ಲೂ ಕಂಟೂರುಗಳಿವೆ, ಓದುವ ವಿದ್ಯೆ ಒಂದೇ. ಹಳೆಯ ಹಾಳೆಗಳ ಸಂಖ್ಯೆಯಲ್ಲೇ ಒಂದು ಆಟವಿದೆ. ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ದೊಡ್ಡ ಚೌಕಕ್ಕೆ ಒಂದು ಅಂಕಿ. ಬೆಂಗಳೂರು ಸೀಮೆಗೆ 57. ಅದರಲ್ಲಿ ಎ ಇಂದ ಪಿ ವರೆಗೆ ಹದಿನಾರು ತುಂಡು, ಒಂದೊಂದರಲ್ಲೂ ಮತ್ತೆ ಹದಿನಾರು. ಲಾಲ್‌ಬಾಗ್ ಇರುವುದು 57 ಎಚ್/9ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆ 57 ಜಿ/12ರಲ್ಲಿ. 13ನೇ ಅಕ್ಷಾಂಶ ಬೆಂಗಳೂರನ್ನು ನಡುವೆಯೇ ಸೀಳಿ ಎರಡು ಹಾಳೆಗೆ ಹಂಚಿದೆ! ಶ್ರೀರಂಗಪಟ್ಟಣ, ಮೈಸೂರು ಎರಡೂ 57 ಡಿ/11. ನಿಮ್ಮ ಊರಿನ ಹಾಳೆ ತೆಗೆದು ನೋಡಿ. ಹಳ್ಳವನ್ನು ನೀಲಿಯಲ್ಲಿ ಬರೆದಿದ್ದರೆ ನೀರಿದೆ, ಕಪ್ಪಿನಲ್ಲಿದ್ದರೆ ವರ್ಷದ ಬಹುಕಾಲ ಒಣಗಿರುತ್ತದೆ. ಕೆರೆಯ ಏರಿಯ ಪಕ್ಕ 6ಆರ್ ಎಂದಿದ್ದರೆ ಆ ಏರಿ ಸುತ್ತಲ ನೆಲಕ್ಕಿಂತ ಆರು ಮೀಟರ್ ಎತ್ತರ. ನಿಮ್ಮ ಅಜ್ಜನ ಕಾಲದ ಏರಿಯ ಎತ್ತರವನ್ನೂ ಯಾರೋ ಬಂದು ಅಳೆದು ಹೋಗಿದ್ದಾರೆ!

ಜಗತ್ತಿನ ದೊಡ್ಡ ಬಲೆಯನ್ನೂ ಒಮ್ಮೆ ಮುಟ್ಟಿ ನೋಡಬೇಕು ಎಂದರೆ ಕೋಲಾರದ ಬಸ್ಸು ಹತ್ತಿ. ನೇಟೋ ಸೇನೆಗಳು ಬಳಸುವ ಬಲೆಯಲ್ಲಿ ಭೂಮಿಗೆ ಆರಾರು ಡಿಗ್ರಿಯ 60 ಪಟ್ಟೆ. ಅಡ್ಡಕ್ಕೆ ಎಂಟೆಂಟು ಡಿಗ್ರಿಯ ಸಾಲುಗಳಿಗೆ ಒಂದೊಂದು ಇಂಗ್ಲಿಷ್ ಅಕ್ಷರ. ಐ ಮತ್ತು ಓ ಅಕ್ಷರಗಳನ್ನು ಮಾತ್ರ ಬಿಟ್ಟಿದ್ದಾರೆ, ಗಡಿಬಿಡಿಯಲ್ಲಿ ಒಂದು, ಸೊನ್ನೆ ಎಂದು ಓದಿಬಿಟ್ಟಾರು ಎಂದು. ಬೆಂಗಳೂರು, ಹಂಪಿ, ಬಳ್ಳಾರಿ 43ಪಿ. 16ನೇ ಅಕ್ಷಾಂಶ ದಾಟಿದ ರಾಯಚೂರು, ಕಲಬುರಗಿ, ಬೀದರ್ 43ಕ್ಯೂ. ಕೋಲಾರ? 44ಪಿ! ಪಟ್ಟೆ ಬದಲಾಗುವ 78ನೇ ರೇಖಾಂಶ ಹೊಸಕೋಟೆಗೂ ಕೋಲಾರಕ್ಕೂ ನಡುವೆ ಹೆದ್ದಾರಿಯನ್ನು ಅಡ್ಡ ಹಾಯುತ್ತದೆ. ಫೋನಿನಲ್ಲಿ ಈ ಪಟ್ಟೆಗಳ ಲೆಕ್ಕದ ಅಂಕಿ, ಅಂದರೆ ಯುಟಿಎಂ ಅಂಕಿ, ತೋರಿಸುವ ಯಾವುದಾದರೂ ಜಿಪಿಎಸ್ ಆ್ಯಪ್ ತೆರೆದಿಟ್ಟುಕೊಂಡು ಕಿಟಕಿ ಪಕ್ಕ ಕೂತಿರಿ. ಹೊಸಕೋಟೆ ದಾಟಿದ ಮೇಲೆ ಈಸ್ಟಿಂಗ್ ಏರುತ್ತಾ ಏರುತ್ತಾ ಸುಮಾರು 8 ಲಕ್ಷ 25 ಸಾವಿರಕ್ಕೆ ಬಂದಿರುತ್ತದೆ, ಬಸ್ಸು ಒಂದು ಮಾರು ಮುಂದೆ ಹೋಗುತ್ತಿದ್ದಂತೆ ಅದು ಧಡಕ್ಕನೆ 1 ಲಕ್ಷ 75 ಸಾವಿರದ ಆಸುಪಾಸಿಗೆ ಬೀಳುತ್ತದೆ. ಕಂಡಕ್ಟರನಿಗೆ ಅದರ ಸುದ್ದಿಯೇ ಇರುವುದಿಲ್ಲ.